20 ವರ್ಷದ ಸಾಲ, 1 ವರ್ಷದ ವಾರಂಟಿ

ಹೊಸ ಟ್ರಾವೆಲ್ ಟ್ರೇಲರ್ ಕೊಳ್ಳಲು ಬಂದವರನ್ನು ಅಮೆರಿಕದ ಮಾರಾಟಗಾರರು ಮೊದಲು ಒಳಗೆ ಕರೆದೊಯ್ಯುತ್ತಾರೆ. ಅಮೃತಶಿಲೆಯಂತೆ ಹೊಳೆಯುವ ಅಡುಗೆಕಟ್ಟೆ, ಗೋಡೆಯಗಲದ ಟಿ.ವಿ., ಗುಂಡಿ ಒತ್ತಿದರೆ ಹೊರಕ್ಕೆ ಸರಿದು ಕೋಣೆಯನ್ನು ಹಿಗ್ಗಿಸುವ ಗೋಡೆ. ಗಿರಾಕಿ ಮನಸೋಲುವುದು ಅಲ್ಲಿಯೇ. ಬಗ್ಗಿ ಅಡಿಭಾಗ ನೋಡುವವರು ಕಡಿಮೆ. ನೋಡಿದವರಲ್ಲಿ ಹಲವರಿಗೆ ಕಾಣುವುದು ಬೇರೆಯದೇ ಲೋಕ: ಇನ್ನೂ ನೋಂದಣಿಯೂ ಆಗದ ಬಂಡಿಯ ಚಾಸಿಯ ಬೆಸುಗೆಗಳ ಸುತ್ತ ಕಂದು ಪುಡಿ, ಮೆಟ್ಟಿಲಿನ ಬೋಲ್ಟುಗಳಲ್ಲಿ ತುಕ್ಕು, ಜ್ಯಾಕಿನ ತಿರುಪುಗಳಲ್ಲಿ ತುಕ್ಕು. ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: "ಅದು ಬರೀ ಮೇಲ್ತುಕ್ಕು, ಎಲ್ಲದರಲ್ಲೂ ಇರುತ್ತದೆ." ಈ ಉತ್ತರದ ಎರಡನೆಯ ಅರ್ಧ ನಿಜ. ಎಲ್ಲದರಲ್ಲೂ ಇದೆ ಎಂಬುದೇ ನನ್ನ ತಕರಾರು.

ಕಾರು ಅಥವಾ ಪಿಕಪ್ ಹಿಂದೆ ಕಟ್ಟಿಕೊಂಡು ಊರೂರು ಸುತ್ತುವ ಈ ಮನೆಗಳ ತವರು ಇಂಡಿಯಾನಾ ರಾಜ್ಯದ ಉತ್ತರ ತುದಿಯ ಎಲ್ಕ್‌ಹಾರ್ಟ್. ಅಮೆರಿಕದಲ್ಲಿ ತಯಾರಾಗುವ ಆರ್‌ವಿಗಳಲ್ಲಿ, ಅಂದರೆ ಎಳೆಯುವ ಟ್ರೇಲರ್ ಮತ್ತು ಎಂಜಿನ್ ಇರುವ ಮೋಟಾರ್ ಹೋಮ್ ಎರಡೂ ಸೇರಿ, ನೂರಕ್ಕೆ 80ಕ್ಕೂ ಹೆಚ್ಚು ಹೊರಬರುವುದು ಇಂಡಿಯಾನಾದಿಂದ. ಅಂಗಳದಲ್ಲಿ ಹತ್ತಾರು ಹೆಸರುಗಳು ಕಾಣುತ್ತವೆ, ಹಿಂದಿರುವ ಧಣಿಗಳು ಮುಖ್ಯವಾಗಿ ಮೂವರು. ಥಾರ್ ಕಂಪನಿ 2001ರಲ್ಲಿ ಕೀಸ್ಟೋನನ್ನು, 2016ರಲ್ಲಿ ಜೇಕೋವನ್ನು ಕೊಂಡಿತು. ಏರ್‌ಸ್ಟ್ರೀಮ್ ಇರುವುದೂ ಅದರ ಮಡಿಲಲ್ಲೇ. ಫಾರೆಸ್ಟ್ ರಿವರ್ 2005ರಿಂದ ವಾರೆನ್ ಬಫೆಟ್ ಕಟ್ಟಿದ ಬರ್ಕ್‌ಷೈರ್ ಹ್ಯಾಥವೇಯದು. ಅಯೋವಾದಲ್ಲಿ ಹುಟ್ಟಿದ ವಿನ್ನೆಬೇಗೊ 2016ರಲ್ಲಿ ಗ್ರ್ಯಾಂಡ್ ಡಿಸೈನನ್ನು ತೆಗೆದುಕೊಂಡಿತು. ಈ ಮೂವರ ಬಂಡಿಗಳ ಅಡಿಯಲ್ಲಿರುವ ಚಾಸಿಗಳಲ್ಲಿ ಬಹುಪಾಲು ಮತ್ತೆ ಎಲ್ಕ್‌ಹಾರ್ಟ್‌ನದೇ ಆದ ಲಿಪರ್ಟ್ ಎಂಬ ಒಂದೇ ಕಂಪನಿಯವು. ಒಂದು ಹೆಸರಿನ ಮೇಲೆ ಸಿಟ್ಟಾಗಿ ಇನ್ನೊಂದು ಹೆಸರಿನ ಬಂಡಿ ಕೊಂಡವನು ಬದಲಾಯಿಸುವುದು ಹೆಚ್ಚಾಗಿ ಪಕ್ಕಕ್ಕೆ ಅಂಟಿಸಿದ ಚಿತ್ರವನ್ನು ಮಾತ್ರ.

ತುಕ್ಕಿನ ಕಥೆಯಲ್ಲಿ ನಿಗೂಢವಾದದ್ದೇನೂ ಇಲ್ಲ. ಚಾಸಿ ಎಂದರೆ ಬೆಸೆದ ಉಕ್ಕಿನ ತೊಲೆಗಳು, ಅದರ ಮೇಲೆ ತೆಳುವಾದ ಕಪ್ಪು ಬಣ್ಣ. ಬೆಸುಗೆಯ ಕಿಟ್ಟವನ್ನು ಸರಿಯಾಗಿ ಉಜ್ಜದೆ ಬಳಿದ ಬಣ್ಣ ಅಲ್ಲಿಂದಲೇ ಮೊದಲು ಏಳುತ್ತದೆ. ಆಮೇಲೆ ಬರುವುದು ಪ್ರಯಾಣ. ಈ ಟ್ರೇಲರ್‌ಗಳನ್ನು ಕಾರುಗಳಂತೆ ಲಾರಿಯ ಮೇಲೆ ಹೇರಿ ಕಳಿಸುವುದು ಅಪರೂಪ. ಬಾಡಿಗೆ ಚಾಲಕರು ಪಿಕಪ್‌ಗೆ ಕಟ್ಟಿ ಎಲ್ಕ್‌ಹಾರ್ಟ್‌ನಿಂದ ಸಾವಿರಾರು ಕಿಲೋಮೀಟರ್ ಎಳೆದೊಯ್ಯುತ್ತಾರೆ. ಜನವರಿ, ಫೆಬ್ರವರಿಯಲ್ಲಿ ಉತ್ತರ ಇಂಡಿಯಾನಾದ ರಸ್ತೆಗಳಲ್ಲಿ ಹಿಮ ಕರಗಿಸಲು ಉಪ್ಪು ಸುರಿದಿರುತ್ತದೆ. ಕಾರವಾರ, ಮಲ್ಪೆಯವರಿಗೆ ಉಪ್ಪು ನೀರು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂದು ವಿವರಿಸಬೇಕಿಲ್ಲ. ವಸಂತದ ಮಾರಾಟಕ್ಕೆಂದು ಚಳಿಗಾಲದಲ್ಲಿ ಹೊರಟ ಬಂಡಿ ಅಂಗಡಿ ತಲುಪುವ ಹೊತ್ತಿಗೆ ಅದರ ಹೊಟ್ಟೆಗೆಲ್ಲ ಉಪ್ಪುನೀರಿನ ಅಭಿಷೇಕ ಆಗಿರುತ್ತದೆ. ತಲುಪಿದ ಮೇಲೆ ತಿಂಗಳುಗಟ್ಟಲೆ ಬಯಲಲ್ಲೇ ಬಿಡಾರ.

ಚಾಸಿಯ ತುಕ್ಕಾದರೂ ಕಣ್ಣಿಗೆ ಬೀಳುತ್ತದೆ. ಹೆಚ್ಚು ಕೆಡುಕು ಮಾಡುವುದು ಚಿಲ್ಲರೆ ಸಾಮಾನು. ಗೋಡೆ ಮತ್ತು ಚಾವಣಿ ಸೇರುವ ಮೂಲೆಗಳಲ್ಲಿ ಅಲ್ಯೂಮಿನಿಯಂ ಪಟ್ಟಿ ಇಟ್ಟು ಸಾಲಾಗಿ ಸ್ಕ್ರೂ ಹೊಡೆದು ಮೇಲೆ ಪ್ಲಾಸ್ಟಿಕ್ ಎಳೆಯೊಂದನ್ನು ಕೂರಿಸುತ್ತಾರೆ. ಆ ಸ್ಕ್ರೂಗಳಿಗಿರುವ ಸತುವಿನ ಲೇಪ ಸಾಮಾನ್ಯವಾಗಿ 5ರಿಂದ 8 ಮೈಕ್ರಾನ್. ಬಿಸಿಲಿಗೆ ಪ್ಲಾಸ್ಟಿಕ್ ಎಳೆ ಕುಗ್ಗಿದರೆ ನೀರು ಸ್ಕ್ರೂವಿನ ತಲೆಗೆ ಇಳಿಯುತ್ತದೆ. ಅಲ್ಯೂಮಿನಿಯಂ ಮತ್ತು ಉಕ್ಕು ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನತೊಡಗುತ್ತದೆ. ಹೊರಗೆ ಕಾಣುವುದು ಬಿಳಿ ಗೋಡೆಯ ಮೇಲೆ ಇಳಿದ ಕಂದು ಗೆರೆ. ಒಳಗೆ, ಆಗ್ನೇಯ ಏಷ್ಯಾದ ಕಾಡಿನಿಂದ ಬಂದ ಲೌವಾನ್ ಎಂಬ ತೆಳು ಪ್ಲೈವುಡ್ ಬಿಸ್ಕತ್ತಿನ ಹಾಗೆ ಮೆತ್ತಗಾಗುತ್ತಿರುತ್ತದೆ. ಅದು ಹೊರಗಿನವರಿಗೆ ಗೊತ್ತಾಗುವಾಗ ಗೋಡೆ ಉಬ್ಬಿರುತ್ತದೆ. ಚಕ್ರದ ಹತ್ತಿರ ಲೀಫ್ ಸ್ಪ್ರಿಂಗ್ ತೂಗುವ ಬೋಲ್ಟುಗಳದೂ ಇದೇ ಗತಿ: ಗ್ರೀಸ್ ಹಾಕಲು ದಾರಿಯಿಲ್ಲದ ಬೋಲ್ಟು, ಸುತ್ತ ನೈಲಾನ್ ಬುಶ್. ಬುಶ್ ಸವೆದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಗ್ರೀಸ್ ನಿಪ್ಪಲ್ ಇರುವ ಬೋಲ್ಟೂ ಕಂಚಿನ ಬುಶ್ಶೂ ಮಾರುಕಟ್ಟೆಯಲ್ಲಿ ಬೇಕಾದಷ್ಟು ಸಿಗುತ್ತವೆ. ತಿಳಿದ ಮಾಲೀಕರು ತಮ್ಮ ಖರ್ಚಿನಲ್ಲಿ ತಂದು ಹಾಕಿಕೊಳ್ಳುತ್ತಾರೆ. ಹೆಚ್ಚಿನ ಕಾರ್ಖಾನೆಗಳು ಹಾಕುವುದಿಲ್ಲ.

ಬೇರೆ ದಾರಿ ಇಲ್ಲವೇ ಎಂದರೆ ಯುರೋಪಿನತ್ತ ನೋಡಬಹುದು. ಅಲ್ಲಿನ ಕ್ಯಾರವಾನ್‌ಗಳ ಅಡಿಯಲ್ಲಿ ಜರ್ಮನಿಯ ಆಲ್ಕೋ ಕಂಪನಿಯ ಚಾಸಿ ಬಹಳ ಸಾಮಾನ್ಯ. ಅದನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆದಿರುತ್ತಾರೆ, ನಮ್ಮ ಜಿಐ ಪೈಪಿನ ವಿದ್ಯೆಯೇ. ದಪ್ಪ ಉಕ್ಕಿನ ಮೇಲೆ ಹೀಗೆ ಕೂರುವ ಸತು ಸುಮಾರು 85 ಮೈಕ್ರಾನ್. ಗೀರು ಬಿದ್ದರೂ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ; ಬಣ್ಣಕ್ಕೆ ಆ ಗುಣವಿಲ್ಲ. ಯುರೋಪಿನ ಬಂಡಿಗಳು ಚಿಕ್ಕವು, ಹಗುರ, ಅವಕ್ಕೂ ಗೋಡೆಗೆ ಥಂಡಿ ಹಿಡಿಯುವ ರೋಗ ಇದ್ದೇ ಇದೆ ಎಂಬುದನ್ನು ಒಪ್ಪುತ್ತೇನೆ. ಆದರೆ ಚಾಸಿಯ ಮಟ್ಟಿಗೆ ಮಾತು ಮುಗಿದಂತೆಯೇ. ಯುರೋಪಿನವರೆಗೆ ಹೋಗಲೂ ಬೇಕಿಲ್ಲ. ಟ್ರೇಲರ್ ಎಳೆಯುವ ಅಮೆರಿಕದ ಪಿಕಪ್‌ಗೆ ತುಕ್ಕು ಹಿಡಿದು ತಗಡು ತೂತಾದರೆ ಕಂಪನಿಯೇ ಹೊಣೆ ಎಂದು 5 ವರ್ಷ ಇಲ್ಲವೇ ಅದಕ್ಕಿಂತ ಹೆಚ್ಚಿನ ವಾರಂಟಿ ಇರುತ್ತದೆ. ಅದೇ ರಸ್ತೆ, ಅದೇ ಉಪ್ಪು, ನಡುವೆ ಒಂದು ಕೊಂಡಿ. ಕೊಂಡಿಯ ಈಚೆಗೆ ಸಾಧ್ಯವಾದದ್ದು ಆಚೆಗೆ ಅಸಾಧ್ಯ ಎಂದರೆ ನಂಬುವುದು ಹೇಗೆ?

ಇಲ್ಲಿ ಹಲವರು ಬೆರಳು ತೋರಿಸುವುದು ಕೆಲಸಗಾರರತ್ತ. ನಾನು ತೋರಿಸುವುದಿಲ್ಲ. ಎಲ್ಕ್‌ಹಾರ್ಟ್‌ನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡದವರು ಬಹಳ; ಬಡಗಿತನದಲ್ಲಿ ಅವರ ಕೈ ಕೀಳಲ್ಲ. ಆದರೆ ಅಲ್ಲಿನ ಕೂಲಿಯ ಪದ್ಧತಿ ನಮ್ಮ ಕರಾವಳಿಯ ಬೀಡಿ ಲೆಕ್ಕದಂಥದ್ದು: ಎಷ್ಟು ಬಂಡಿ ಸಾಲಿನಿಂದ ಹೊರಬಿತ್ತೋ ಅದರ ಮೇಲೆ ತಂಡಕ್ಕೆ ಹಣ. ನಸುಕಿಗೇ ಶುರುಮಾಡಿ ಆ ದಿನದ ಲೆಕ್ಕ ಮುಗಿಸಿದವರು ಮಧ್ಯಾಹ್ನಕ್ಕೆ ಮನೆಗೆ. ಸೊಟ್ಟಗೆ ಕೂತ ಸ್ಕ್ರೂವನ್ನು ತೆಗೆದು ಮತ್ತೆ ಹಾಕುವವನು ತನ್ನದಷ್ಟೇ ಅಲ್ಲ, ಪಕ್ಕದವರ ಸಂಬಳಕ್ಕೂ ಕಲ್ಲು ಹಾಕಿದಂತೆ. ಇಂಥ ಕಡೆ ನಿಧಾನವಾಗಿ, ಸರಿಯಾಗಿ ಕೆಲಸ ಮಾಡುವುದು ಸಹೋದ್ಯೋಗಿಗಳಿಗೆ ಮಾಡುವ ದ್ರೋಹವಾಗುತ್ತದೆ. ತಪ್ಪು ಹಿಡಿಯುವ ಹೊಣೆ ಮಾರಾಟಗಾರನ ತಪಾಸಣೆಗೆ ಬಿಟ್ಟದ್ದು, ಅವನೂ ಬಿಟ್ಟರೆ ಗಿರಾಕಿಯ ಮೊದಲ ಮಳೆಗೆ.

ಕೋವಿಡ್ ಕಾಲದ ಬೇಡಿಕೆಯಿಂದ ಹೀಗಾಯಿತು, ಈಗ ಸರಿಹೋಗುತ್ತಿದೆ ಎನ್ನುವುದು ಇನ್ನೊಂದು ಸಮರ್ಥನೆ. 2021ರಲ್ಲಿ ಕಾರ್ಖಾನೆಗಳಿಂದ 6 ಲಕ್ಷ ಆರ್‌ವಿಗಳು ಹೊರಬಿದ್ದದ್ದು ದಾಖಲೆ. 2009ರ ಹಿಂಜರಿತದಲ್ಲಿ ಆ ಸಂಖ್ಯೆ 1.66 ಲಕ್ಷದ ಆಸುಪಾಸಿನಲ್ಲಿತ್ತು. 2021ರ ಅವಸರದಲ್ಲಿ ಗುಣಮಟ್ಟ ಇನ್ನಷ್ಟು ಕುಸಿಯಿತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ 2023ರಲ್ಲಿ ಉತ್ಪಾದನೆ 3.13 ಲಕ್ಷಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಅವಸರ ಮುಗಿದಿತ್ತು. ಕೂಲಿಯ ಪದ್ಧತಿಯಾಗಲಿ, ಚಾಸಿಯ ಮೇಲಿನ ಬಣ್ಣವಾಗಲಿ ಬದಲಾಗಲಿಲ್ಲ.

ಅಸಲು ಚಮತ್ಕಾರ ಇರುವುದು ಕಾನೂನಿನ ಕಾಗದಗಳಲ್ಲಿ. ಟ್ರಾವೆಲ್ ಟ್ರೇಲರ್ ಎಂದರೆ ಏನು? ಮನೆಯೇ? ಅಮೆರಿಕದ ವಸತಿ ಇಲಾಖೆ ಅಲ್ಲ ಎನ್ನುತ್ತದೆ. ಕಾರ್ಖಾನೆಯಲ್ಲಿ ಕಟ್ಟಿದ ಮನೆಗಳಿಗೆ ಇರುವ ಒಕ್ಕೂಟ ಸರ್ಕಾರದ ಕಟ್ಟುನಿಟ್ಟು ಇವಕ್ಕೆ ಅನ್ವಯವಾಗದು, ಇವು ತಾತ್ಕಾಲಿಕ ವಾಸಕ್ಕೆ. ಹಾಗಿದ್ದರೆ ವಾಹನವೇ? ದೋಷಪೂರಿತ ಕಾರನ್ನು ಕಂಪನಿ ವಾಪಸು ಪಡೆಯಬೇಕೆನ್ನುವ ರಾಜ್ಯಗಳ ಕಾನೂನುಗಳಲ್ಲಿ ಎಂಜಿನ್ ಇಲ್ಲದ ಟ್ರೇಲರ್‌ಗೆ ಹಲವು ಕಡೆ ಜಾಗವಿಲ್ಲ. ಇಂಡಿಯಾನಾದ ಕಾನೂನು ತನ್ನಷ್ಟಕ್ಕೆ ಚಲಿಸುವ ವಾಹನಗಳಿಗೆ ಮಾತ್ರ. ಮೋಟಾರ್ ಹೋಮ್‌ಗಳನ್ನೂ ಹೆಸರಿಸಿ ಹೊರಗಿಟ್ಟಿದೆ. ಆದರೆ ತೆರಿಗೆಯ ಬಾಗಿಲಿಗೆ ಬಂದಾಗ ಮಾತು ತಿರುಗುತ್ತದೆ. ಮಲಗಲು, ಅಡುಗೆಗೆ, ಶೌಚಕ್ಕೆ ವ್ಯವಸ್ಥೆಯಿದ್ದರೆ ಟ್ರೇಲರ್ ಎರಡನೆಯ ಮನೆ, ಅದರ ಸಾಲದ ಬಡ್ಡಿಗೆ ವಿನಾಯಿತಿ ಕೇಳಬಹುದು. 2017ರ ತೆರಿಗೆ ಕಾನೂನಿನಲ್ಲಿ ಮಾರಾಟಗಾರರ ದಾಸ್ತಾನು ಸಾಲದ ಬಡ್ಡಿಗೆ ಕೊಟ್ಟ ಸವಲತ್ತು ಎಂಜಿನ್ ಇರುವ ವಾಹನಗಳಿಗಷ್ಟೇ ಸಿಕ್ಕಿತ್ತು. ಉದ್ಯಮ ವರ್ಷಗಟ್ಟಲೆ ಓಡಾಡಿ 2025ರಲ್ಲಿ ಟ್ರೇಲರನ್ನೂ ಅದರೊಳಗೆ ಸೇರಿಸಿಕೊಂಡಿತು. ಲಾಭ ಹಂಚುವಾಗ ಮನೆಯೂ ಹೌದು, ವಾಹನವೂ ಹೌದು. ಹೊಣೆ ಹೊರುವಾಗ ಎರಡೂ ಅಲ್ಲ.

ಬಾಗಿಲ ಪಕ್ಕ ಒಂದು ಮುದ್ರೆ ಅಂಟಿಸಿರುತ್ತಾರಲ್ಲ, ಅದು? ಅದು ತಯಾರಕರದೇ ಸಂಘವಾದ ಆರ್‌ವಿಐಎ ಕೊಡುವುದು. ಅದರ ಪರೀಕ್ಷಕರು ನೋಡುವ ಎನ್‌ಎಫ್‌ಪಿಎ 1192 ಮಾನದಂಡ ಬೆಂಕಿ, ಗ್ಯಾಸ್, ಕೊಳಾಯಿಗಳ ಸುರಕ್ಷತೆಗೆ ಸಂಬಂಧಿಸಿದ್ದು. ಆ ಕೆಲಸ ಬೇಕಾದದ್ದೇ. ಆದರೆ ಚಾವಣಿ ಸೋರುವುದೂ ಬೋಲ್ಟು ತುಕ್ಕು ಹಿಡಿಯುವುದೂ ಅದರ ವ್ಯಾಪ್ತಿಗೆ ಬರುವುದಿಲ್ಲ. ಗಿರಾಕಿ ಆ ಮುದ್ರೆಯಲ್ಲಿ ಗುಣಮಟ್ಟದ ಭರವಸೆ ಓದಿಕೊಳ್ಳುತ್ತಾನೆ, ಅವನ ತಪ್ಪುಕಲ್ಪನೆಯನ್ನು ತಿದ್ದುವ ಉತ್ಸಾಹ ಯಾರಿಗೂ ಇಲ್ಲ.

ವಾರಂಟಿ ಪತ್ರವನ್ನು ನಿಧಾನವಾಗಿ ಓದಿದರೆ ಜಾಣತನಕ್ಕೆ ತಲೆದೂಗಬೇಕು. ಅವಧಿ ಸಾಮಾನ್ಯವಾಗಿ 1 ವರ್ಷ. ಕೆಲವರು 2 ಕೊಡುತ್ತಾರೆ, ಕೆಲವರು ಚೌಕಟ್ಟಿಗೆ 3. ತುಕ್ಕು ಹಲವು ಪತ್ರಗಳಲ್ಲಿ ಹೊರಗೆ, ಅದು ಹವಾಮಾನದ ತಪ್ಪು. ಚಾವಣಿಯ ಅಂಟನ್ನು ಮಾಲೀಕ ಕೆಲವೇ ತಿಂಗಳಿಗೊಮ್ಮೆ ಪರೀಕ್ಷಿಸಬೇಕು, ಇಲ್ಲವಾದರೆ ಸೋರಿದ್ದು ಅವನ ನಿರ್ಲಕ್ಷ್ಯ. ರಿಪೇರಿಗೆಂದು ವಾರಗಟ್ಟಲೆ ಸರ್ವಿಸ್ ಅಂಗಳದಲ್ಲಿ ನಿಂತ ದಿನಗಳೂ ಅವಧಿಯಲ್ಲೇ ಕಳೆಯುತ್ತವೆ. ದಾವೆ ಹೂಡುವುದಿದ್ದರೆ ಇಂಡಿಯಾನಾಕ್ಕೇ ಬನ್ನಿ ಎಂಬ ಷರತ್ತು ಬೇರೆ. ಅರಿಜೋನಾದ ನಿವೃತ್ತನೊಬ್ಬ ಉಬ್ಬಿದ ಗೋಡೆಯ ಸಲುವಾಗಿ ಎಲ್ಕ್‌ಹಾರ್ಟ್‌ನ ಕೋರ್ಟಿಗೆ ಅಲೆಯುತ್ತಾನೆಯೇ? ಅಲೆಯುವುದಿಲ್ಲ ಎಂದು ಗೊತ್ತಿದ್ದೇ ಆ ಸಾಲು ಬರೆದದ್ದು. ಇತ್ತ ಅವನು ತೆಗೆದ ಸಾಲದ ಕಂತು 10, 15, ಮೊತ್ತ ದೊಡ್ಡದಿದ್ದರೆ 20 ವರ್ಷದವರೆಗೆ ಎಳೆಯುತ್ತದೆ. ಬಂಡಿ ಎಷ್ಟು ಬಾಳುತ್ತದೆಂದು ಬ್ಯಾಂಕಿಗೆ ಒಂದು ನಂಬಿಕೆ, ತಯಾರಕನಿಗೆ ಇನ್ನೊಂದು. ಇಬ್ಬರಲ್ಲಿ ನಿಜ ಬಲ್ಲವನು ತಯಾರಕ.

"ಜನಕ್ಕೆ ಅಗ್ಗದ್ದು ಬೇಕು, ನಾವು ಅಗ್ಗದ್ದು ಕೊಡುತ್ತೇವೆ" ಎಂಬ ವಾದವನ್ನು ತಳ್ಳಿಹಾಕುವಂತಿಲ್ಲ. 25,000 ಡಾಲರಿಗೆ ಅಡುಗೆಮನೆ, ಬಚ್ಚಲು, ಎರಡು ಹಾಸಿಗೆ ಎಂದರೆ ಎಲ್ಲೋ ಉಳಿತಾಯ ಆಗಿಯೇ ಇರುತ್ತದೆ. ಆದರೆ ಬೆಲೆ ಏರಿದಂತೆ ಕೆಡುಕು ಮಾಯವಾಗಬೇಕಿತ್ತಲ್ಲ? ಲಕ್ಷ ಡಾಲರ್ ದಾಟುವ ಏರ್‌ಸ್ಟ್ರೀಮ್‌ನ ಹೊಳೆಯುವ ಅಲ್ಯೂಮಿನಿಯಂ ಅಂಚುಗಳಲ್ಲೂ ಲೇಪದ ಅಡಿ ಜೇಡರಬಲೆಯಂಥ ಸವೆತ ಹಬ್ಬುತ್ತದೆಂಬುದು ಅದರ ಮಾಲೀಕರ ಹಳೆಯ ದೂರು. ಉಳಿತಾಯ ಎಲ್ಲಿ ಆಗುತ್ತಿದೆ ಎಂಬುದನ್ನೂ ನೋಡಬೇಕು. ಟಿ.ವಿ. ಚಿಕ್ಕದಾಗುವುದಿಲ್ಲ, ಅಡುಗೆಕಟ್ಟೆಯ ಹೊಳಪು ಕಡಿಮೆಯಾಗುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು. ಗಿರಾಕಿಗೆ ತಿಳಿಸಿ ಅಗ್ಗ ಮಾಡಿದರೆ ಅದು ವ್ಯಾಪಾರ. ಅವನು ನೋಡದ ಕಡೆ ಮಾತ್ರ ಅಗ್ಗ ಮಾಡಿದರೆ ಅದಕ್ಕೆ ಬೇರೆ ಹೆಸರಿದೆ.

ಎಲ್ಲೋ ಅಮೆರಿಕದ ಶ್ರೀಮಂತರ ಮೋಜಿನ ಬಂಡಿಗೆ ತುಕ್ಕು ಹಿಡಿದರೆ ನಮಗೇನು ಎಂದು ಕೇಳುವವರಿಗೆ ಎರಡು ಮಾತು. ಬೇಸಿಗೆ ರಜೆಗೆ ಆರ್‌ವಿ ಬಾಡಿಗೆಗೆ ಹಿಡಿದು ಯೆಲ್ಲೋಸ್ಟೋನ್, ಗ್ರ್ಯಾಂಡ್ ಕ್ಯಾನಿಯನ್‌ಗೆ ಹೊರಡುವವರಲ್ಲಿ ಅಲ್ಲಿ ನೆಲೆಸಿದ ಕನ್ನಡ ಕುಟುಂಬಗಳೂ ಇವೆ, ಊರಿನಿಂದ ಬಂದ ಅಪ್ಪ ಅಮ್ಮನನ್ನು ಕೂರಿಸಿಕೊಂಡು. ಎರಡನೆಯದಾಗಿ, ಇದು ಶ್ರೀಮಂತರ ಕಥೆಯೇ ಅಲ್ಲ. ಮನೆ ಬಾಡಿಗೆ ಕಟ್ಟಲಾಗದೆ ಟ್ರೇಲರನ್ನೇ ಖಾಯಂ ಮನೆ ಮಾಡಿಕೊಂಡ ವಯಸ್ಸಾದವರು ಅಲ್ಲಿ ಬಹಳ. ನೀರು ಕುಡಿದು ಮೆತ್ತಗಾದ ನೆಲದ ಮೇಲೆ ಅವರು ದಿನವೂ ನಡೆಯುತ್ತಾರೆ.

ಕಾನೂನು ಬಂದರೆ ಉದ್ಯಮ ಮುಳುಗುತ್ತದೆ ಎಂಬ ಬೆದರಿಕೆಯನ್ನು ಒಮ್ಮೆ ಪರೀಕ್ಷಿಸಿ ಆಗಿದೆ. 2005ರ ಕತ್ರಿನಾ ಚಂಡಮಾರುತದ ನಂತರ ಸರ್ಕಾರ ಸಂತ್ರಸ್ತರಿಗೆಂದು ಲಕ್ಷಕ್ಕೂ ಹೆಚ್ಚು ಟ್ರೇಲರ್ ಮತ್ತು ತಾತ್ಕಾಲಿಕ ಮನೆಗಳನ್ನು ಕೊಂಡಿತು. ಒಳಗೆ ಮಲಗಿದವರಿಗೆ ಕಣ್ಣುರಿ, ಉಸಿರಾಟದ ತೊಂದರೆ. ಪ್ಲೈವುಡ್ ಮತ್ತು ಪಾರ್ಟಿಕಲ್ ಬೋರ್ಡಿನಿಂದ ಫಾರ್ಮಾಲ್ಡಿಹೈಡ್ ಹೊಮ್ಮುತ್ತಿತ್ತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 519 ಘಟಕಗಳನ್ನು ಪರೀಕ್ಷಿಸಿ 2008ರಲ್ಲಿ ಸರಾಸರಿ ಪ್ರಮಾಣ ನೂರು ಕೋಟಿಗೆ 77 ಭಾಗ ಎಂದಿತು. ತಯಾರಕರು ಸಂಸತ್ತಿನ ಸಮಿತಿಯ ಮುಂದೆ ಕೂತು ಉತ್ತರಿಸಬೇಕಾಯಿತು. 2012ರಲ್ಲಿ ತಯಾರಕರೂ ಗುತ್ತಿಗೆದಾರರೂ ಸೇರಿ ಸುಮಾರು 4.26 ಕೋಟಿ ಡಾಲರಿಗೆ ರಾಜಿಯಾದರು. ಆದರೆ ನಿಜವಾದ ಬದಲಾವಣೆ ತಂದದ್ದು 2010ರಲ್ಲಿ ಮರದ ಹಲಗೆಗಳ ಫಾರ್ಮಾಲ್ಡಿಹೈಡ್‌ಗೆ ಮಿತಿ ಹಾಕಿದ ಕಾನೂನು. ಉದ್ಯಮ ಮುಳುಗಲಿಲ್ಲ, ಹನ್ನೊಂದು ವರ್ಷದಲ್ಲಿ 6 ಲಕ್ಷದ ದಾಖಲೆ ಬರೆಯಿತು.

ಈಗ ಬೇಕಿರುವುದು ಅಷ್ಟು ದೊಡ್ಡದೂ ಅಲ್ಲ. ಎಳೆಯುವ ಬಂಡಿಗೂ ಅನ್ವಯಿಸುವ ವಾಪಸಾತಿ ಕಾನೂನು, ಅದೂ ಮೊದಲು ಇಂಡಿಯಾನಾದಲ್ಲಿ. ಚಾಸಿ, ಗೋಡೆ, ಚಾವಣಿಗೆ ಪಿಕಪ್‌ಗಿರುವಷ್ಟಾದರೂ ವರ್ಷಗಳ ತುಕ್ಕಿನ ವಾರಂಟಿ. ಗಿರಾಕಿ ತನ್ನ ಊರಿನ ಕೋರ್ಟಿನಲ್ಲೇ ದಾವೆ ಹೂಡುವ ಹಕ್ಕು. ಈ ಮೂರರಲ್ಲಿ ಯಾವುದೂ ತಾನೇ ಸ್ಕ್ರೂ ಬದಲಾಯಿಸುವುದಿಲ್ಲ, ಆದರೆ ಕೆಟ್ಟ ಸ್ಕ್ರೂವಿನ ಖರ್ಚನ್ನು ಅದನ್ನು ಆರಿಸಿದವನ ಲೆಕ್ಕಕ್ಕೆ ಬರೆಯುತ್ತವೆ. ಆಮೇಲೆ ಸತುವಿನಲ್ಲಿ ಅದ್ದಿದ ಚಾಸಿ ದುಬಾರಿ ಎಂಬ ಮಾತು ಎಷ್ಟು ದಿನ ನಿಲ್ಲುತ್ತದೆ, ನೋಡೋಣ.

ಅದಾಗುವ ತನಕ ಕೊಳ್ಳುವವರು ಮಾರಾಟಗಾರನಿಗೆ ಸಂಬಂಧವಿಲ್ಲದ ಪರೀಕ್ಷಕರೊಬ್ಬರಿಗೆ ದುಡ್ಡು ಕೊಟ್ಟು, ಸಹಿಗೆ ಮೊದಲೇ ಬಂಡಿಯ ಮೇಲೂ ಅಡಿಯೂ ನೋಡಿಸಬೇಕು. ನಾಲ್ಕೂ ಮೂಲೆಗೆ ನೀರು ಬಿಡಿಸಬೇಕು. ಒಪ್ಪದ ಅಂಗಡಿಗಳಿವೆ. ಅಲ್ಲಿಂದ ಮುಂಗಡದ ಚೆಕ್ಕನ್ನು ಜೇಬಿನಲ್ಲೇ ಇಟ್ಟುಕೊಂಡು ಹೊರಬರಬಹುದು.