ಬರೆಯುವವರ ಚಿಂತೆ, ಪ್ರಕಟಿಸುವವರ ಲೆಕ್ಕ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಬರೆಯುವವರಿಗೆ ಎಂದೂ ಕೊರತೆಯಿಲ್ಲ. ಶಾಲೆಯ ಮೇಷ್ಟ್ರು, ಬ್ಯಾಂಕಿನ ನೌಕರರು, ತೋಟ ನೋಡಿಕೊಳ್ಳುವವರು, ಮನೆಗೆಲಸವೆಲ್ಲ ಮುಗಿದ ಮೇಲೆ ರಾತ್ರಿ ಕೂತು ಕತೆ ಬರೆಯುವ ಹೆಣ್ಣುಮಕ್ಕಳು ಇಲ್ಲಿದ್ದಾರೆ. ಬರೆಯುವಷ್ಟು ಹೊತ್ತು ಇವರಿಗೆ ನೆಮ್ಮದಿ. ಹಸ್ತಪ್ರತಿ ಮುಗಿದ ಮರುದಿನದಿಂದ ಬೇರೆಯದೇ ಚಿಂತೆ ಶುರುವಾಗುತ್ತದೆ. ಪ್ರಕಾಶಕರು ಯಾಕೆ ಉತ್ತರ ಬರೆಯಲಿಲ್ಲ? ಅಚ್ಚಾದ ಪುಸ್ತಕ ಅಂಗಡಿಯಲ್ಲಿ ಯಾಕೆ ಕಾಣುತ್ತಿಲ್ಲ? ಎಷ್ಟು ಮಾರಾಟವಾಯಿತು, ಹಣ ಯಾವಾಗ ಬರುತ್ತದೆ? ಈ ಪ್ರಶ್ನೆಗಳು ಮುಂದಿನ ಪುಸ್ತಕಕ್ಕೆ ಬೇಕಾದ ಮನಸ್ಸನ್ನೇ ತಿಂದುಹಾಕುತ್ತವೆ.

ಅದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡಿ ಎಂದು ಹಿರಿಯರು ಹೇಳುವುದುಂಟು. ಮಾತು ಸರಿಯೇ. ಆದರೆ ಕಾಣದ್ದರ ಬಗ್ಗೆ ಚಿಂತಿಸದಿರುವುದು ಕಷ್ಟ. ಪುಸ್ತಕದ ವ್ಯವಹಾರ ಹೇಗೆ ನಡೆಯುತ್ತದೆ ಎಂದು ಒಮ್ಮೆ ತಿಳಿದುಕೊಂಡರೆ, ಯಾವುದಕ್ಕೆ ತಲೆ ಕೆಡಿಸಿಕೊಳ್ಳಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಲೆಕ್ಕ ನೋಡೋಣ. 200 ರೂಪಾಯಿ ಬೆಲೆಯ ಒಂದು ಕಥಾಸಂಕಲನ 1000 ಪ್ರತಿ ಅಚ್ಚಾಯಿತು ಎಂದಿಟ್ಟುಕೊಳ್ಳಿ. ಅಂಗಡಿಯವರಿಗೆ ಕೊಡುವ ರಿಯಾಯಿತಿ ಶೇ 35 ಎಂದು ಹಿಡಿದರೆ 70 ರೂಪಾಯಿ ಹೋಗಿ 130 ರೂಪಾಯಿ ಉಳಿಯುತ್ತದೆ. ರಾಯಲ್ಟಿ, ಅಂದರೆ ಲೇಖಕರಿಗೆ ಸಲ್ಲುವ ಗೌರವಧನ, ಶೇ 10 ಆದರೆ 20 ರೂಪಾಯಿ. ಅಕ್ಷರ ಜೋಡಣೆ, ಕಾಗದ, ಮುದ್ರಣ, ಬೈಂಡಿಂಗ್ ಸೇರಿ ಪ್ರತಿಯೊಂದಕ್ಕೆ 70 ರೂಪಾಯಿ ಎಂದುಕೊಂಡರೆ ಪ್ರಕಾಶಕರ ಕೈಯಲ್ಲಿ ಉಳಿಯುವುದು 40. ಸಾಗಣೆ, ಗೋದಾಮು, ಸಾಲದ ಬಡ್ಡಿ ಎಲ್ಲವೂ ಅದರಲ್ಲೇ ಆಗಬೇಕು.

ಅದೂ ಎಲ್ಲ ಪ್ರತಿಗಳು ಮಾರಾಟವಾದರೆ ಮಾತ್ರ. ಅರ್ಧದಷ್ಟೇ ಮಾರಾಟವಾದರೆ ಬರುವ ಹಣ 65,000 ರೂಪಾಯಿ. ಮುದ್ರಣಕ್ಕೆ ಮೊದಲೇ ಹಾಕಿದ್ದು 70,000. ಲೇಖಕರಿಗೆ ಒಂದು ಪೈಸೆ ಕೊಡುವ ಮೊದಲೇ ನಷ್ಟ. ಇವು ಉದಾಹರಣೆಗೆಂದು ಹಾಕಿಕೊಂಡ ಅಂಕಿಗಳು. ಪುಸ್ತಕದಿಂದ ಪುಸ್ತಕಕ್ಕೆ ಬದಲಾಗುತ್ತವೆ. ಆದರೆ ಲೆಕ್ಕದ ಹದ ಹೆಚ್ಚುಕಡಿಮೆ ಇದೇ. ಈಗ ಬೇಡಿಕೆ ಬಂದಷ್ಟೇ ಅಚ್ಚು ಹಾಕುವ ಡಿಜಿಟಲ್ ಮುದ್ರಣ ಬಂದಿರುವುದರಿಂದ ಹಲವರು ಮೊದಲಿಗೆ ನೂರಿನ್ನೂರು ಪ್ರತಿಗಳನ್ನಷ್ಟೇ ತರುತ್ತಾರೆ. ಇದರಲ್ಲಿ ಲೇಖಕರ ಮೇಲಿನ ಅನಾದರ ಏನೂ ಇಲ್ಲ. ಹಾಕಿದ ಬಂಡವಾಳ ಸಿಕ್ಕಿಕೊಳ್ಳದಿರಲಿ ಎಂಬ ಎಚ್ಚರಿಕೆ ಅಷ್ಟೇ.

ಎರಡನೆಯದು ಗ್ರಂಥಾಲಯ. ಕನ್ನಡದ ಬಹುಪಾಲು ಪ್ರಕಾಶಕರಿಗೆ ಬಿಡಿ ಓದುಗರಷ್ಟೇ ದೊಡ್ಡ ಆಸರೆ ಸರ್ಕಾರದ ಸಗಟು ಖರೀದಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ಸೇರಿರುತ್ತದೆ. ಗ್ರಂಥಾಲಯ ಇಲಾಖೆ ಆಯಾ ವರ್ಷ ಪ್ರಕಟವಾದ ಪುಸ್ತಕಗಳನ್ನು ಆಹ್ವಾನಿಸುತ್ತದೆ, ಆಯ್ಕೆ ಸಮಿತಿ ನೋಡುತ್ತದೆ, ಪುಟಗಳ ಲೆಕ್ಕದಲ್ಲಿ ದರ ಕಟ್ಟಿ ಕೊಳ್ಳುತ್ತದೆ. ಅರ್ಜಿ, ಆಯ್ಕೆ, ಆದೇಶ, ಬಿಲ್ಲು ಎಂಬ ಈ ದಾರಿ ಉದ್ದ. ಹಣ ತಡವಾಗುತ್ತದೆ ಎಂಬುದು ಪ್ರಕಾಶಕರ ಹಳೆಯ ದೂರು. ಪ್ರಕಾಶಕರಿಗೇ ಬರಬೇಕಾದ್ದು ಬಾರದಿದ್ದಾಗ ಲೇಖಕರ ಪಾಲೂ ತಡವಾಗುತ್ತದೆ. ಒಂದು ಪುಸ್ತಕದ ಬಿಡುಗಡೆ ಯಾಕೆ ಮುಂದೆ ಹೋಯಿತು, ಇನ್ನೊಂದು ವರ್ಷದ ಕೊನೆಯಲ್ಲಿ ಯಾಕೆ ಅವಸರವಾಗಿ ಹೊರಬಂತು ಎಂಬುದರ ಹಿಂದೆಯೂ ಎಷ್ಟೋ ಸಲ ಈ ಖರೀದಿಯ ವೇಳಾಪಟ್ಟಿಯೇ ಇರುತ್ತದೆ.

ಇನ್ನು ಉತ್ತರವೇ ಬಾರದ ಮೌನ. ಕನ್ನಡದ ಪ್ರಕಾಶನ ಸಂಸ್ಥೆಗಳಲ್ಲಿ ಹೆಚ್ಚಿನವು ಒಬ್ಬರೋ ಇಬ್ಬರೋ ನಡೆಸುವಂಥವು. ಹಸ್ತಪ್ರತಿ ಓದುವವರು, ಕರಡು ತಿದ್ದಿಸುವವರು, ಪಾರ್ಸೆಲ್ ಕಟ್ಟುವವರು, ಬಾಕಿ ವಸೂಲಿಗೆ ಫೋನು ಮಾಡುವವರು ಎಲ್ಲರೂ ಒಬ್ಬರೇ. ಆರು ತಿಂಗಳು ಉತ್ತರ ಬಾರದಿದ್ದರೆ ಬರಹ ಚೆನ್ನಾಗಿಲ್ಲ ಎಂದೇ ಅರ್ಥವಲ್ಲ. ಅನೇಕ ಸಲ ಅದನ್ನು ಯಾರೂ ಇನ್ನೂ ಬಿಚ್ಚಿ ನೋಡಿರುವುದಿಲ್ಲ.

ಈ ಕಾಫಿ ಸೀಮೆಯವರಿಗೆ ಇಂಥ ಅನಿಶ್ಚಯ ಹೊಸದೇನಲ್ಲ. 1940ರ ದಶಕದಿಂದ 1990ರ ದಶಕದವರೆಗೂ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಬೋರ್ಡಿನ ಪೂಲ್‌ಗೆ, ಅಂದರೆ ಒಟ್ಟು ದಾಸ್ತಾನಿಗೆ, ಒಪ್ಪಿಸಬೇಕಿತ್ತು. ಹಣ ಕಂತುಗಳಲ್ಲಿ ಬರುತ್ತಿತ್ತು. ಮುಕ್ತ ಮಾರುಕಟ್ಟೆ ಬಂದ ಮೇಲೆ ಅರೇಬಿಕಾದ ದರಕ್ಕೆ ನ್ಯೂಯಾರ್ಕ್, ರೊಬಸ್ಟಾದ ದರಕ್ಕೆ ಲಂಡನ್ ಪೇಟೆಯ ಕಡೆ ನೋಡಬೇಕಾಯಿತು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಮೂಡಿಗೆರೆಯಲ್ಲಿ ದರ ಏರುತ್ತದೆ. ಅದು ಯಾವ ಬೆಳೆಗಾರರ ಕೈಯಲ್ಲೂ ಇಲ್ಲ. ನೆರಳಿನ ಮರಗಳಿಗೆ ಸಮಯಕ್ಕೆ ಸರಿಯಾಗಿ ಮರಗಸಿ ಮಾಡಿಸಿ ಕೊಂಬೆ ಸವರಿಸುವುದು, ಹಣ್ಣಾದದ್ದನ್ನೇ ಬಿಡಿಸುವುದು, ಕಣದಲ್ಲಿ ಹದವಾಗಿ ಒಣಗಿಸುವುದು ಅವರ ಕೈಯಲ್ಲಿದೆ. ಅನುಭವಸ್ಥ ಬೆಳೆಗಾರರು ದರವನ್ನು ತಿಳಿದುಕೊಂಡಿರುತ್ತಾರೆ, ಆದರೆ ದಿನದ ಕೆಲಸವನ್ನು ದರದ ಮೇಲೆ ಬಿಟ್ಟಿರುವುದಿಲ್ಲ. ಬರೆಯುವವರು ಪುಸ್ತಕದ ಪೇಟೆಯ ಜೊತೆ ಇರಬೇಕಾದ ರೀತಿಯೂ ಇದೇ.

ಕನ್ನಡದ ದೊಡ್ಡ ಲೇಖಕರು ವ್ಯವಹಾರಕ್ಕೆ ಬೆನ್ನು ಹಾಕಿ ಕೂತವರಲ್ಲ. ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಸ್ವಂತ ಮುದ್ರಣಾಲಯ ನಡೆಸಿದರು. ಮಾಸ್ತಿಯವರಿಗೆ ಜೀವನ ಕಾರ್ಯಾಲಯವಿತ್ತು, ಕುವೆಂಪು ಅವರಿಗೆ ಉದಯರವಿ ಪ್ರಕಾಶನವಿತ್ತು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರ ಓದುಗರನ್ನು ಸೇರಿಸಿಕೊಂಡು ಬೆಳೆಯಿತು. ಹೊಸ ಕಾಲದಲ್ಲಿ ವಸುಧೇಂದ್ರ ಅವರು ಛಂದ ಪುಸ್ತಕದ ಮೂಲಕ ತಮ್ಮ ಕೃತಿಗಳ ಜೊತೆ ಹೊಸಬರ ಮೊದಲ ಪುಸ್ತಕಗಳನ್ನೂ ಓದುಗರಿಗೆ ತಲುಪಿಸಿದ್ದಾರೆ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಈ ಸಾಲಿನಲ್ಲಿ ನಮಗೆ ಹತ್ತಿರದವರು. ಯೌವನದಲ್ಲೇ ಮೈಸೂರು ಬಿಟ್ಟು ಬಂದು ಕಾಫಿ ಕೃಷಿಗೆ ಇಳಿದವರು, 2007ರಲ್ಲಿ ತೀರಿಕೊಳ್ಳುವವರೆಗೂ ಇಲ್ಲೇ ಬದುಕಿದರು. 1980ರಲ್ಲಿ ‘ಕರ್ವಾಲೊ’, 1985ರಲ್ಲಿ ‘ಚಿದಂಬರ ರಹಸ್ಯ’ ಬಂದವು. ಎರಡನೆಯದಕ್ಕೆ 1987ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಪುಸ್ತಕ ಹೊರತರುವ ಹೊಣೆಯನ್ನು ಮೈಸೂರಿನ ಪುಸ್ತಕ ಪ್ರಕಾಶನದಲ್ಲಿ ಗೆಳೆಯ ಬಿ.ಎನ್. ಶ್ರೀರಾಮ್ ಅವರು ಹೊತ್ತುಕೊಂಡರು. ಮುಖಪುಟ, ಅಚ್ಚಿನ ಅಂದ, ಕಂಪ್ಯೂಟರಿನಲ್ಲಿ ಕನ್ನಡ, ಎಲ್ಲದರಲ್ಲೂ ತೇಜಸ್ವಿ ತಾವೇ ಕೈಹಾಕಿದರು. ‘ಕರ್ವಾಲೊ’ ಇಂದಿಗೂ ಮರುಮುದ್ರಣವಾಗುತ್ತಲೇ ಇದೆ. ನಂಬಿಕೆಯ ಒಬ್ಬರ ಮೇಲೆ ವ್ಯವಹಾರ ಬಿಟ್ಟು, ತನಗೆ ಖುಷಿ ಕೊಡುವ ಭಾಗವನ್ನು ಮಾತ್ರ ಕೈಯಲ್ಲಿಟ್ಟುಕೊಂಡ ವ್ಯವಸ್ಥೆ ಅದು. ಅವರ ಜೀವನ ಪುಸ್ತಕದ ಹಣದ ಮೇಲಷ್ಟೇ ನಿಂತಿರಲಿಲ್ಲ ಎಂಬುದೂ ಇಲ್ಲಿ ಮುಖ್ಯ.

ಆದರೆ ತೋಟ ಎಲ್ಲರಿಗೂ ಇರುವುದಿಲ್ಲ. ಎಸ್ಟೇಟಿನ ಕಾರ್ಮಿಕರ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದು ಬರೆಯುವ ಹುಡುಗನಿಗೆ, ಅತಿಥಿ ಉಪನ್ಯಾಸಕಿಯಾಗಿ ದುಡಿಯುವ ಕವಯಿತ್ರಿಗೆ ಚಿಂತೆ ಬಿಡಿ ಎಂದು ಸುಲಭವಾಗಿ ಹೇಳಲಾಗದು. ಅವರಿಗೆ ನೆಮ್ಮದಿ ಬರಬೇಕಾದರೆ ಹಕ್ಕು ತಿಳಿದಿರಬೇಕು.

1957ರ ಕೃತಿಸ್ವಾಮ್ಯ ಕಾಯ್ದೆ ಲೇಖಕರ ಪರವಾಗಿ ಹಲವು ಮಾತು ಹೇಳುತ್ತದೆ. ಕೃತಿಸ್ವಾಮ್ಯವೆಂದರೆ ಬರಹದ ಒಡೆತನ. ಬರೆದ ಕ್ಷಣದಿಂದಲೇ ಅದು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಲೇಖಕರ ಜೀವಿತಾವಧಿ ಮತ್ತು ಆನಂತರ 60 ವರ್ಷ ಅದು ಉಳಿಯುತ್ತದೆ. ಅದನ್ನು ಪ್ರಕಾಶಕರಿಗೆ ವರ್ಗಾಯಿಸುವುದು ಲಿಖಿತವಾಗಿಯೇ ಆಗಬೇಕು. ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶಕ್ಕೆ, ಎಷ್ಟು ಗೌರವಧನ ಎಂಬುದು ಕರಾರಿನಲ್ಲಿರಬೇಕು. ಅವಧಿ ಬರೆಯದಿದ್ದರೆ ಅದನ್ನು ಐದು ವರ್ಷ ಎಂದೂ, ಪ್ರದೇಶ ಬರೆಯದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾನೂನು ತಿಳಿಯುತ್ತದೆ. ಕರಾರಿನಲ್ಲಿ ಬೇರೆ ರೀತಿ ಹೇಳಿಲ್ಲದಿದ್ದರೆ, ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದಾಗ ಆ ಹಕ್ಕು ಬಿದ್ದುಹೋಗುತ್ತದೆ. ಅನುವಾದ, ಇ-ಪುಸ್ತಕ, ಆಡಿಯೊ, ಸಿನಿಮಾ ಇವು ಬೇರೆ ಬೇರೆ ಹಕ್ಕುಗಳು; ಒಂದೇ ಸಹಿಯಲ್ಲಿ ಎಲ್ಲವನ್ನೂ ಕೊಡಬೇಕಾಗಿಲ್ಲ. ಇಷ್ಟು ತಿಳಿದು ಸಹಿ ಹಾಕಿದರೆ ಮುಂದಿನ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಕನ್ನಡ ಪುಸ್ತಕ ಪ್ರಾಧಿಕಾರ ಪ್ರೋತ್ಸಾಹಧನ ಕೊಡುತ್ತಾ ಬಂದಿದೆ. ಪ್ರಕಟಣೆ ಬಂದಾಗ ಅರ್ಜಿ ಹಾಕಬಹುದು.

ಇನ್ನರ್ಧ ಚಿಂತೆ ಓದುಗರ ಕುರಿತದ್ದು: ಯಾರು ಓದುತ್ತಾರೆ, ಯಾವಾಗ? ಇದಕ್ಕೆ ಯಾವ ಕರಾರೂ ಉತ್ತರ ಕೊಡುವುದಿಲ್ಲ. ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು. ಕನ್ನಡದಿಂದ ಇಂಗ್ಲಿಷಿಗೆ ತಂದವರು ಕೊಡಗಿನ ದೀಪಾ ಭಾಸ್ತಿ. ಅದರಲ್ಲಿರುವ 12 ಕತೆಗಳು 1990ರಿಂದ 2023ರವರೆಗೆ ಬರೆದವು. ಮೊದಲ ಕತೆ ಬರೆದ ದಿನ ಲಂಡನ್‌ನ ವೇದಿಕೆಯನ್ನು ಯಾರೂ ಲೆಕ್ಕ ಹಾಕಿರಲಿಲ್ಲ. ಹಾಕಿದ್ದರೂ ಕತೆ ಅದರಿಂದ ಚೆನ್ನಾಗುತ್ತಿರಲಿಲ್ಲ. ಇಂಥ ಗೌರವ ಎಲ್ಲರಿಗೂ ಬರುವುದಿಲ್ಲ ಎಂಬುದೂ ನಿಜ. ಆದರೆ ಒಂದು ಬರಹ ಯಾವ ವರ್ಷ ಯಾರ ಕೈಗೆ ಸಿಗುತ್ತದೆ ಎಂಬುದು ಬರೆದವರಿಗೂ ಪ್ರಕಟಿಸಿದವರಿಗೂ ಮೊದಲೇ ಕಾಣುವುದಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಬರೆಯುವಾಗ ಪೇಟೆಯನ್ನು ನೆನೆಯಬೇಡಿ. ಬರೆದು ಮುಗಿದ ಮೇಲೆ ಪೇಟೆಯನ್ನು ಕಡೆಗಣಿಸಬೇಡಿ: ಕರಾರು ಓದಿ, ಕರಡನ್ನು ಶ್ರದ್ಧೆಯಿಂದ ತಿದ್ದಿ, ವರ್ಷಕ್ಕೊಮ್ಮೆ ಮಾರಾಟದ ಲೆಕ್ಕ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು. ಅಲ್ಲಿಗೆ ಲೇಖಕರ ಪಾಲಿನ ವ್ಯವಹಾರ ಮುಗಿಯಿತು. ಉಳಿದದ್ದು ಪ್ರಕಾಶಕರ, ಅಂಗಡಿಯವರ, ಇಲಾಖೆಯ, ಓದುಗರ ಕೆಲಸ. ಅವರ ಪರವಾಗಿ ನಾವು ನಿದ್ದೆಗೆಡುವುದರಿಂದ ಒಂದು ಪ್ರತಿಯೂ ಹೆಚ್ಚು ಮಾರಾಟವಾಗದು. ಮುಂದಿನ ಪುಸ್ತಕವನ್ನು ಮಾತ್ರ ನಮ್ಮ ಬದಲಿಗೆ ಬೇರೆ ಯಾರೂ ಬರೆಯಲಾರರು. ಮಲೆನಾಡಿನ ಬರಹಗಾರರು ತಮ್ಮ ಹೊತ್ತನ್ನು ಅದಕ್ಕೆ ಕೊಡಲಿ.