ಹೂ ಹಂಚುವವರ ಕೈ

ಮುಂಬಯಿಯ ಕಚೇರಿಗಳ ಗೋಡೆಗಳ ಮೇಲೆ ವೈವಿಧ್ಯವೇ ನಮ್ಮ ಬಲವೆಂದು ಸಾರುವ ಫಲಕಗಳು ಈಚೆಗೆ ಹೇರಳವಾಗಿವೆ. ಹೊರನಾಡಿನಲ್ಲಿ ಬಾಳುವ ನಮಗೆ ಆ ಮಾತು ಹಿತವೆನಿಸುವುದು ಸಹಜ. ಮರಾಠಿ, ಗುಜರಾತಿ, ತಮಿಳು, ಹಿಂದಿಗಳ ನಡುವೆ ನಮ್ಮನ್ನೂ ಎಣಿಕೆಗೆ ತೆಗೆದುಕೊಳ್ಳುವ ಭರವಸೆ ಅದರಲ್ಲಿದೆಯಲ್ಲ! ಆದರೆ ಬೇರೆ ಬೇರೆ ನುಡಿ, ಊಟ, ದೇವರುಗಳ ಜನರನ್ನು ಒಂದೆಡೆ ಕೂರಿಸಿದ ಮಾತ್ರಕ್ಕೆ ಕೆಲಸ ಚೆನ್ನಾಗಿ ಸಾಗುತ್ತದೆಂದು ನಾವು ನಂಬುವುದಿಲ್ಲ, ಕೆಡುತ್ತದೆಂದೂ ನಂಬುವುದಿಲ್ಲ. ಆ ತಂಡದಲ್ಲಿ ಕೊಡುವ ಸ್ಥಾನದಲ್ಲಿರುವವರು ಯಾರು, ಕಾಯುವವರು ಯಾರು, ಸಂಬಳ ಯಾವ ಲೆಕ್ಕದಲ್ಲಿ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು.

ಅರ್ಥಶಾಸ್ತ್ರಜ್ಞ ಯೋನಾಸ್ ಹ್ಯೋರ್ಟ್ ಅವರು ಕೆನ್ಯಾದ ಒಂದು ಹೂವಿನ ಕಾರ್ಖಾನೆಯನ್ನು ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಳ್ಳೆಯ ನಿದರ್ಶನ. ಅಲ್ಲಿ ಮೂವರದೊಂದು ತಂಡ. ಒಬ್ಬರು ಹೂಗಳನ್ನು ಅಣಿಮಾಡಿ ಹಂಚುತ್ತಾರೆ, ಇಬ್ಬರು ಅವನ್ನು ಕಟ್ಟುಗಳಾಗಿ ಜೋಡಿಸುತ್ತಾರೆ. ಯಾರು ಯಾರ ಜೊತೆ ಎಂಬುದು ಸರದಿಯಲ್ಲಿ, ಹೆಚ್ಚುಕಡಿಮೆ ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಹಂಚುವವರ ಗಳಿಕೆ ಇಬ್ಬರೂ ಕಟ್ಟಿದ ಒಟ್ಟು ಹೂಗಳನ್ನು ಅವಲಂಬಿಸಿತ್ತು. ಹಾಗಿದ್ದರೂ ಅವರು ತಮ್ಮ ಪಂಗಡದವರಿಗೆ ಹೆಚ್ಚು, ಅನ್ಯರಿಗೆ ಕಡಿಮೆ ಹೂ ಕೊಡುತ್ತಿದ್ದರು. ಸ್ವಂತ ಕೂಲಿಯನ್ನು ಕಳೆದುಕೊಂಡು ಮಾಡಿದ ಪಕ್ಷಪಾತವಿದು. 2007ರ ಚುನಾವಣೆಯ ಬೆನ್ನಿಗೆ ದೇಶದಲ್ಲಿ ಜನಾಂಗೀಯ ಹಿಂಸೆ ಭುಗಿಲೆದ್ದಾಗ ಈ ಭೇದ ಕಾರ್ಖಾನೆಯೊಳಗೂ ತೀವ್ರವಾಯಿತು.

ಆಗ ಆಡಳಿತ ಮಂಡಳಿಯು ಕಟ್ಟುವ ಇಬ್ಬರಿಗೂ ಅವರ ಒಟ್ಟು ಕೆಲಸದ ಮೇಲೆ ಕೂಲಿ ಕೊಡತೊಡಗಿತು. ಯಾರ ಮುಂದೆ ಹೆಚ್ಚು ಹೂ ಸುರಿದರೂ ಇಬ್ಬರಿಗೂ ಸಮಪಾಲು. ತನ್ನವನೊಬ್ಬನಿಗೆ ಮಾತ್ರ ಲಾಭ ಮಾಡಿಕೊಡುವ ದಾರಿ ಮುಚ್ಚಿತು. ತನ್ನವನೊಬ್ಬ, ಅನ್ಯನೊಬ್ಬ ಕುಳಿತಿದ್ದ ತಂಡಗಳ ಉತ್ಪಾದನೆ ಏರಿತು. ಆದರೆ ಕಟ್ಟುವ ಇಬ್ಬರೂ ಅನ್ಯ ಪಂಗಡದವರಾಗಿದ್ದಲ್ಲಿ ಇದರಿಂದ ಪ್ರಯೋಜನವಾಗಲಿಲ್ಲ. ಅಲ್ಲಿ, ಮತ್ತು ಮೂವರೂ ಒಂದೇ ಪಂಗಡದವರಿದ್ದಲ್ಲಿ, ಉತ್ಪಾದನೆ ತುಸು ಇಳಿಯಿತು. ಎಲ್ಲ ತಂಡಗಳನ್ನೂ ಕೂಡಿ ನೋಡಿದರೆ ಕಾರ್ಖಾನೆಗೆ ಲಾಭವೇ ಆಯಿತು. ಕೂಲಿಯ ಲೆಕ್ಕ ಪಕ್ಷಪಾತದ ಒಂದು ಬಾಗಿಲನ್ನು ಮುಚ್ಚಬಲ್ಲುದು, ಮನಸ್ಸನ್ನು ತಿದ್ದಲಾರದು.

ನಮ್ಮ ದೇಶದಲ್ಲಿಯೂ ಇಂಥ ಪುರಾವೆಯಿದೆ. ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಸಂಶೋಧಕರು ಬೇರೆ ಬೇರೆ ಜಾತಿಗಳ 1,261 ಯುವಕರೊಡನೆ ಕ್ರಿಕೆಟ್ ಪಂದ್ಯಾವಳಿಗಳ ಪ್ರಯೋಗ ನಡೆಸಿದರು. ಒಂದೇ ತಂಡದಲ್ಲಿ ಕೂಡಿ ಆಡಿದವರಲ್ಲಿ ಸ್ವಜಾತಿಯ ಪಕ್ಷಪಾತ ತಗ್ಗಿತು. ಎದುರಾಳಿಗಳಾಗಿ ಭೇಟಿಯಾದವರಲ್ಲಿ ಅಂಥ ಫಲ ಕಾಣಲಿಲ್ಲ.

ಇದೆಲ್ಲ ಓದುವಾಗ ನಮ್ಮ ಕಣ್ಣಮುಂದೆ ನಿಂತದ್ದು ಕಚೇರಿಯಲ್ಲ, ಉಡುಪಿ ಹೋಟೆಲು. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಆರಂಭಿಸಿದ ಕಾಲದಲ್ಲಿ ಊರಿನ ಹುಡುಗರೇ ಇಂಥ ಹೋಟೆಲುಗಳ ಬೆನ್ನೆಲುಬು. ಭಟ್ಟರು, ಸಪ್ಲೈಯರ್, ಕ್ಲೀನರ್ ಎಲ್ಲರೂ ತುಳುವೋ ಕನ್ನಡವೋ ಕೊಂಕಣಿಯೋ ಬಲ್ಲವರು. ಆ ಏಕರೂಪದ ಬಲವನ್ನು ಅಲ್ಲಗಳೆಯುವುದು ಅಪ್ರಾಮಾಣಿಕವಾದೀತು. ಹೇಳದೆಯೇ ಅರ್ಥವಾಗುವ ಸನ್ನೆ, ಊರಿನ ಹಿರಿಯರ ಮುಖ ನೋಡಿ ಕೊಡುವ ಸಾಲ, ಹಗಲು ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುವ ಅವಕಾಶ ಎಲ್ಲವೂ ಅದರೊಳಗಿದ್ದವು. ಇಂದು ಆ ಹುಡುಗರ ಮಕ್ಕಳು ಎಂಜಿನಿಯರುಗಳು. ಅವರ ಜಾಗಕ್ಕೆ ಒಡಿಶಾ, ಬಂಗಾಳ, ಬಿಹಾರ, ನೇಪಾಳಗಳಿಂದ ಬಂದವರು ದೋಸೆಯ ಕಾವಲಿಯ ಮುಂದೆ ನಿಂತಿದ್ದಾರೆ.

ಹೊರನಾಡ ಕನ್ನಡಿಗರಾದ ನಾವು ನಮ್ಮನ್ನು ಸದಾ ಕಡಿಮೆ ಹೂ ಸಿಕ್ಕವರೆಂದೇ ಭಾವಿಸುತ್ತೇವೆ. ಭಾಷಿಕ ಅಲ್ಪಸಂಖ್ಯಾತರ ಅಳಲು ನಮ್ಮ ಸಂಘಗಳ ವೇದಿಕೆಗಳಲ್ಲಿ ಎಂದಿಗೂ ಮುಗಿಯದ ವಿಷಯ. ಆದರೆ ಹೋಟೆಲಿನಲ್ಲಿ ಹೂ ಹಂಚುವ ಕೈ ನಮ್ಮದು. ಗಲ್ಲಾಪೆಟ್ಟಿಗೆ ನಮ್ಮದು, ರಜೆಯ ಪಟ್ಟಿ ನಮ್ಮದು, ಭಕ್ಷೀಸು ಹೆಚ್ಚು ಬೀಳುವ ಮೇಜು ಯಾರ ಪಾಲಿಗೆಂದು ಗೊತ್ತುಮಾಡುವವರೂ ನಾವೇ. ಊರಿನ ಹುಡುಗನೊಬ್ಬ ಇನ್ನೂ ಉಳಿದಿದ್ದರೆ ಒಳ್ಳೆಯ ಮೇಜು ಅವನಿಗೇ ಹೋಗುವುದನ್ನು ನಾವು ವಾತ್ಸಲ್ಯವೆಂದು ಕರೆಯುತ್ತೇವೆ. ಒಡಿಶಾದ ಹುಡುಗನಿಗೆ ಅದರ ಹೆಸರು ಬೇರೆ.

ಭಕ್ಷೀಸನ್ನು ಒಂದೇ ಡಬ್ಬಿಗೆ ಹಾಕಿ ಅಡುಗೆಮನೆಯವರನ್ನೂ ಸೇರಿಸಿ ಹಂಚುವುದು ಕಷ್ಟದ ಕೆಲಸವಲ್ಲ. ಮೇಜುಗಳನ್ನು ವಾರದ ಸರದಿಗೆ ಹಾಕುವುದೂ ಕಷ್ಟವಲ್ಲ. ನಿಜವಾಗಿ ಕಷ್ಟದ್ದು ಗಲ್ಲಾದ ಕುರ್ಚಿ. ಹತ್ತು ವರ್ಷ ನಮ್ಮ ಕಾವಲಿಯ ಮುಂದೆ ಬೆವರಿದವನು ಬಾಲಸೋರಿನವನಾದರೂ ಒಂದು ದಿನ ಅಲ್ಲಿ ಕುಳಿತು ಬಿಲ್ಲಿನ ಹಣ ಎಣಿಸಬಲ್ಲನೇ? ಮುಂದಿನ ವಾರ್ಷಿಕೋತ್ಸವಕ್ಕೆ ನಮ್ಮ ಸಂಘದಲ್ಲಿ ವಿಚಾರಗೋಷ್ಠಿಯ ವಿಷಯ ಹುಡುಕುತ್ತಿರುವವರು, ಹೋಟೆಲು ಮಾಲಕರನ್ನು ಮುಂದಿನ ಸಾಲಿನಲ್ಲಿ ಕೂರಿಸಿಕೊಂಡು, ಈ ಪ್ರಶ್ನೆಯನ್ನೇ ಎತ್ತಿಕೊಳ್ಳಲಿ.