ನೆರೆಯವನ ನಂಬಿಕೆ, ಕ್ರೈಸ್ತನ ಹೊಣೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಮೆಣಸಗಿ ಮಲಪ್ರಭೆಯ ದಂಡೆಯಲ್ಲಿರುವ ಹಳ್ಳಿ. 2009 ಮತ್ತು 2019ರಲ್ಲಿ ಹೊಳೆ ಉಕ್ಕಿದಾಗ ಈ ಸೀಮೆಯ ಗ್ರಾಮಗಳು ಸಂಕಷ್ಟಕ್ಕೀಡಾದವು. ನೆರೆಯ ನೀರಿನಲ್ಲಿ ಸಿಲುಕಿದವನು ಕೈ ಹಿಡಿದು ಮೇಲೆತ್ತುವವನ ಧರ್ಮವನ್ನು ವಿಚಾರಿಸುವುದಿಲ್ಲ. ನೀರು ಇಳಿದ ಬಳಿಕ ಧಾನ್ಯದ ಚೀಲ, ಹೊದಿಕೆ, ಔಷಧಿಗಳೊಂದಿಗೆ ಬರುವವರ ಉದ್ದೇಶವೇನೆಂಬ ಪ್ರಶ್ನೆ ಮಾತ್ರ ಇಂತಹ ಯಾವ ಹಳ್ಳಿಯಲ್ಲಾದರೂ ಏಳಬಹುದು. ಬಂದವರು ಕ್ರೈಸ್ತರಾಗಿದ್ದರೆ ಆ ಪ್ರಶ್ನೆಯ ಧ್ವನಿ ಇಂದು ಇನ್ನಷ್ಟು ಏರುತ್ತದೆ.

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆಯಲ್ಲಿ ಕ್ರೈಸ್ತರ ಪಾಲು ಶೇ. 1.87. ಇಷ್ಟು ಸಣ್ಣ ಸಮುದಾಯವು ಬಹುಸಂಖ್ಯಾತರನ್ನು ಹೇಗೆ ಕಾಣಬೇಕೆಂದು ಕೇಳುವುದೇ ವಿಚಿತ್ರವೆನಿಸಬಹುದು. ಆದರೆ ಶಾಲೆ, ಆಸ್ಪತ್ರೆ, ಅನಾಥಾಲಯಗಳ ಬಾಗಿಲಲ್ಲಿ ಈ ಲೆಕ್ಕ ತಿರುಗುಮುರುಗಾಗುತ್ತದೆ. ಅಲ್ಲಿ ಕ್ರೈಸ್ತನು ಕೊಡುವವನು, ಅನ್ಯಧರ್ಮೀಯನು ಬೇಡುವವನು. ಅನ್ಯರೊಡನೆ ಕ್ರೈಸ್ತನ ವರ್ತನೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ.

ಮಿಷನ್ ಇತಿಹಾಸದ ಪಾಠ

ಈ ಪರೀಕ್ಷೆಯ ಎರಡು ಮುಖಗಳೂ ಗದಗ ಸೀಮೆಗೆ ಪರಿಚಿತ. 1837ರಲ್ಲಿ ಧಾರವಾಡಕ್ಕೆ ಬಂದ ಬಾಸೆಲ್ ಮಿಷನ್ ಕೆಲವೇ ವರ್ಷಗಳಲ್ಲಿ ಬೆಟಗೇರಿಯಲ್ಲಿ ನೆಲೆಯೂರಿತು. ಗದಗ ಸಮೀಪದ ಮಲ್ಲಸಮುದ್ರದಲ್ಲಿ ಕ್ರೈಸ್ತರಿಗಾಗಿಯೇ ಬೇಸಾಯದ ವಸಾಹತೊಂದನ್ನು ಕಟ್ಟಲು ಯತ್ನಿಸಿತು. ಆ ಯೋಜನೆ ಎಣಿಸಿದ ಫಲ ಕೊಡಲಿಲ್ಲ. ಮತಾಂತರಗೊಂಡವರು ಜಾತಿಯನ್ನೂ ಅದರೊಡನೆ ಕುಲಕಸುಬನ್ನೂ ಕಳೆದುಕೊಳ್ಳುತ್ತಿದ್ದುದರಿಂದ ಮಿಷನ್ನೇ ಅವರಿಗೆ ನೇಯ್ಗೆ, ಹೆಂಚಿನ ಕಾರ್ಖಾನೆಗಳಲ್ಲಿ ಉದ್ಯೋಗ ಒದಗಿಸಬೇಕಾಯಿತು. ಅನ್ನವನ್ನೂ ಆರಾಧನೆಯನ್ನೂ ಒಂದೇ ಕೈ ನೀಡತೊಡಗಿದಾಗ ನಂಬಿಕೆಯ ಪ್ರಾಮಾಣಿಕತೆ ಪ್ರಶ್ನೆಗೊಳಗಾಗುವುದು ಅನಿವಾರ್ಯ.

ಇನ್ನೊಂದು ಮುಖವೂ ಉಂಟು. ಅದೇ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1848ರಿಂದ ಪ್ರಕಟಿಸಿದ ಗ್ರಂಥಮಾಲೆಯಲ್ಲಿ ಬಸವಪುರಾಣ, ದಾಸರ ಪದಗಳು ಅಚ್ಚಾದವು. ಫರ್ಡಿನೆಂಡ್ ಕಿಟ್ಟೆಲ್ ಅವರ ನಿಘಂಟು 1894ರಲ್ಲಿ ಹೊರಬಂದಿತು. ಸ್ಥಳೀಯ ನಂಬಿಕೆಗಳನ್ನು ಖಂಡಿಸುವ ಕರಪತ್ರಗಳೂ ಮಿಷನ್ ಮುದ್ರಣಾಲಯಗಳಿಂದ ಹೊರಟಿದ್ದುಂಟು. ಆದರೆ ಕನ್ನಡಿಗರು ನೆನಪಿನಲ್ಲಿಟ್ಟುಕೊಂಡಿರುವುದು ಕರಪತ್ರಗಳನ್ನಲ್ಲ, ನಿಘಂಟನ್ನು. ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನು ಜನ ‘ಜರ್ಮನ್ ಆಸ್ಪತ್ರೆ’ ಎಂದೇ ಕರೆದರು. ಆ ಹೆಸರಿನಲ್ಲಿ ಧರ್ಮದ ಸುಳಿವಿಲ್ಲ.

ನಿಂದೆ ಮತ್ತು ಹಿಂಸೆ

ಅನ್ಯರ ನಂಬಿಕೆಯ ಬಗ್ಗೆ ಆಡುವ ಮಾತು ಎಷ್ಟು ಸೂಕ್ಷ್ಮವೆಂಬುದು 2008ರಲ್ಲಿ ಸ್ಪಷ್ಟವಾಯಿತು. ‘ಸತ್ಯದರ್ಶಿನಿ’ ಎಂಬ ಪುಸ್ತಿಕೆಯು ಹಿಂದೂ ದೇವತೆಗಳನ್ನು ಅವಹೇಳನ ಮಾಡಿದೆ ಎಂಬ ಆರೋಪದ ಹಿನ್ನೆಲೆಯಲ್ಲಿ ಆ ವರ್ಷದ ಸೆಪ್ಟೆಂಬರ್ 14ರಂದು ಮಂಗಳೂರು ಮತ್ತಿತರೆಡೆ ಚರ್ಚುಗಳು, ಪ್ರಾರ್ಥನಾ ಮಂದಿರಗಳ ಮೇಲೆ ದಾಳಿ ನಡೆಯಿತು. ಪುಸ್ತಿಕೆಗೆ ಸಂಬಂಧವೇ ಇರದ ಕ್ಯಾಥೊಲಿಕ್ ಸನ್ಯಾಸಿನಿಯರ ಮಠವನ್ನೂ ದಾಳಿಕೋರರು ಬಿಡಲಿಲ್ಲ. ಯಾವ ಬರಹವೂ ಇಂತಹ ಹಿಂಸೆಗೆ ಸಮರ್ಥನೆಯಾಗಲಾರದು. ಹಾಗೆಂದು, ನೆರೆಯವನ ದೇವರನ್ನು ಹಳಿದು ತನ್ನ ದೇವರನ್ನು ಎತ್ತಿಹಿಡಿಯುವುದು ಕ್ರೈಸ್ತಧರ್ಮಕ್ಕೆ ಒಪ್ಪುವ ಮಾರ್ಗವೇ ಎಂಬ ಪ್ರಶ್ನೆಯನ್ನು ಆ ಹಿಂಸೆ ಅಳಿಸಿಹಾಕುವುದೂ ಇಲ್ಲ.

ಈ ಪ್ರಶ್ನೆಗೆ ಕ್ರೈಸ್ತ ಜಗತ್ತು ಉತ್ತರ ಕೊಟ್ಟಿದೆ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿರುವ ಸತ್ಯವಾದ, ಪವಿತ್ರವಾದ ಯಾವುದನ್ನೂ ತಾನು ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. 2011ರ ಜೂನ್‌ನಲ್ಲಿ ವ್ಯಾಟಿಕನ್, ವಿಶ್ವ ಚರ್ಚುಗಳ ಮಂಡಳಿ ಹಾಗೂ ವಿಶ್ವ ಇವಾಂಜೆಲಿಕಲ್ ಒಕ್ಕೂಟ ಒಟ್ಟಾಗಿ ನಡವಳಿಕೆಯ ಸಂಹಿತೆಯೊಂದನ್ನು ಹೊರತಂದವು. ಬಡತನ ಮತ್ತು ಅಸಹಾಯಕತೆಯನ್ನು ಬಳಸಿಕೊಳ್ಳದಿರುವುದು, ಸೇವೆಯನ್ನು ಆಮಿಷವಾಗಿಸದಿರುವುದು, ಅನ್ಯರ ನಂಬಿಕೆಯ ಬಗ್ಗೆ ಸುಳ್ಳು ಸಾಕ್ಷ್ಯ ನುಡಿಯದಿರುವುದು, ಧರ್ಮ ಬದಲಿಸಲು ಬಯಸುವವನಿಗೆ ಯೋಚಿಸಲು ಸಾಕಷ್ಟು ಕಾಲಾವಕಾಶ ನೀಡುವುದು ಅದರ ಸಾರ. ಯೇಸು ಹೇಳಿದ ಸಮಾರ್ಯದವನ ಸಾಮತಿಯೂ ಬೇರೆಯದನ್ನು ಹೇಳುವುದಿಲ್ಲ. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಉಪಚರಿಸಿದ ಪರಮತದವನು ಪ್ರತಿಯಾಗಿ ಏನನ್ನೂ ಕೇಳಲಿಲ್ಲ.

ಕಾನೂನು ಮುಟ್ಟದ ಜಾಗ

ಸಂವಿಧಾನದ 25ನೇ ವಿಧಿ ಧರ್ಮಪ್ರಚಾರದ ಹಕ್ಕನ್ನು ನೀಡಿದೆ. ಆ ಹಕ್ಕಿನಲ್ಲಿ ಇನ್ನೊಬ್ಬನನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತು. ರಾಜ್ಯದಲ್ಲಿ 2022ರಲ್ಲಿ ಜಾರಿಗೆ ಬಂದ ಮತಾಂತರ ನಿಷೇಧ ಕಾಯ್ದೆ ಆಮಿಷವನ್ನು ಬಹು ವಿಶಾಲವಾಗಿ ವ್ಯಾಖ್ಯಾನಿಸಿ, ಧರ್ಮ ಬದಲಿಸುವವನು ಜಿಲ್ಲಾಧಿಕಾರಿಗೆ 30 ದಿನ ಮುಂಚಿತವಾಗಿ ತಿಳಿಸಬೇಕೆಂದು ವಿಧಿಸಿತು. ಅದನ್ನು ಹಿಂಪಡೆಯಲು ಸಚಿವ ಸಂಪುಟ 2023ರ ಜೂನ್‌ನಲ್ಲಿ ತೀರ್ಮಾನಿಸಿತು. ಉಚಿತ ಶಿಕ್ಷಣವನ್ನೂ ಆಮಿಷದ ಪಟ್ಟಿಗೆ ಸೇರಿಸುವ ಕಾನೂನು ಪ್ರಾಮಾಣಿಕ ಸೇವೆಯ ಮೇಲೂ ಅನುಮಾನದ ನೆರಳು ಚೆಲ್ಲುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ.

ಆದರೆ ಕಾಯ್ದೆ ಇರಲಿ, ಹೋಗಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಡೆಯುವ ಮಾತನ್ನು ಯಾವ ಜಿಲ್ಲಾಧಿಕಾರಿಯೂ ಅಳೆಯಲಾರ. ಅಲ್ಲಿ ಸಂಯಮವೊಂದೇ ಕಾವಲು. ತನ್ನ ನಂಬಿಕೆಯನ್ನು ಮರೆಮಾಚಬೇಕಾದ ಅಗತ್ಯ ಕ್ರೈಸ್ತನಿಗಿಲ್ಲ. ಕೇಳಿದವರಿಗೆ ಹೇಳುವುದು ಅವನ ಹಕ್ಕು. ಕೇಳಿಸಿಕೊಂಡವನು ಬೇಡವೆಂದ ನಂತರ ಅವನೊಡನೆ ಹೇಗೆ ನಡೆದುಕೊಳ್ಳುತ್ತಾನೆ ಎಂಬುದು ಮುಖ್ಯ. ಮಲಪ್ರಭೆಯ ದಂಡೆಯ ರೈತನೊಬ್ಬ ನೆರವು ಪಡೆದು, ತನ್ನ ಊರ ದೇವರಿಗೇ ಕೈಮುಗಿಯುತ್ತ ಉಳಿದರೂ ಮುಂದಿನ ನೆರೆಯಲ್ಲಿ ಅದೇ ಕೈಗಳು ಅವನ ಮನೆಗೆ ಬರಬೇಕು. ಹಾಗೆ ಬಂದಲ್ಲಿ ಅನುಮಾನಕ್ಕೆ ಉತ್ತರವನ್ನು ಬೇರೆಯಾಗಿ ಹುಡುಕಬೇಕಾಗುವುದಿಲ್ಲ.